ಕಮಲ್ ಮಾತು ತಪ್ಪು, ಸಿನಿಮಾ ತಡೆದದ್ದು ಇನ್ನೂ ತಪ್ಪು: 'ಥಗ್ ಲೈಫ್' ಪ್ರಕರಣವನ್ನು ಬಿಡಿಸಿ ನೋಡಿದಾಗ

2025ರ ಮೇ 24ರಂದು ಚೆನ್ನೈನಲ್ಲಿ 'ಥಗ್ ಲೈಫ್' ಸಿನಿಮಾದ ಆಡಿಯೊ ಬಿಡುಗಡೆ ಸಮಾರಂಭ ನಡೆಯಿತು. ಮಣಿರತ್ನಂ ಮತ್ತು ಕಮಲ್ ಹಾಸನ್ 1987ರ ನಂತರ ಒಟ್ಟಿಗೆ ಮಾಡಿದ ಸಿನಿಮಾ, ಹಾಗಾಗಿ ಸದ್ದು ಜೋರಾಗೇ ಇತ್ತು. ಅತಿಥಿಗಳ ಪೈಕಿ ನಮ್ಮ ಶಿವರಾಜ್‌ಕುಮಾರ್ ಕೂಡ ಇದ್ದರು. ಕಮಲ್ ತಮ್ಮ ಮಾತನ್ನು ಜೀವ, ಬಂಧು, ತಮಿಳು ಎಂಬ ಅರ್ಥದ ಸಾಲಿನಿಂದ ಶುರು ಮಾಡಿದರು. ಆಮೇಲೆ ಶಿವಣ್ಣನ ಕಡೆ ತಿರುಗಿ, ಇವರು ಅಲ್ಲಿರುವ ನನ್ನ ಕುಟುಂಬ, ನಿಮ್ಮ ಭಾಷೆ ಹುಟ್ಟಿದ್ದು ತಮಿಳಿನಿಂದ, ಆದ್ದರಿಂದ ನೀವೂ ಈ ಸಾಲಿನಲ್ಲಿ ಸೇರಿದವರೇ ಎಂದರು.

ಪ್ರೀತಿಯಿಂದ ಹೇಳಿದ್ದು ಅಂತ ಆಮೇಲೆ ಅವರೇ ಹೇಳಿದರು. ಇರಬಹುದು. ಆದರೆ ದೊಡ್ಡಣ್ಣ ಮನೆಗೆ ಬಂದ ತಮ್ಮನ ಬೆನ್ನು ತಟ್ಟಿ 'ನೀನು ನಮ್ಮವನೇ ಬಿಡು' ಅಂದ ಹಾಗಿತ್ತು ಆ ಧಾಟಿ. ಕನ್ನಡಿಗರಿಗೆ ಉರಿದದ್ದು ಆ ಧಾಟಿಗೇ ಜಾಸ್ತಿ.

ಈ ಪ್ರಕರಣವನ್ನು ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಮಾತಿನ ಸ್ವಾತಂತ್ರ್ಯದ ಗೆರೆ ಎಲ್ಲಿ ಎಳೆಯಬೇಕು ಅನ್ನುವ ಚರ್ಚೆ ಸಾಮಾನ್ಯವಾಗಿ ನಮಗೆ ಇಷ್ಟವಾದ ಮಾತಿನ ಪರವಾಗಿ ನಡೆಯುತ್ತದೆ. ಅದು ಸುಲಭ. ನಮಗೇ ಚುಚ್ಚಿದ ಮಾತಿನ ವಿಷಯದಲ್ಲಿ ಏನು ಹೇಳ್ತೀವಿ ಅನ್ನೋದೇ ಪರೀಕ್ಷೆ ಅಲ್ವಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕಮಲ್ ಹೇಳಿದ್ದು ತಪ್ಪು, ಹೇಳಿದ ರೀತಿಯೂ ಸರಿ ಇರಲಿಲ್ಲ, ಅವರ ಮೇಲೆ ಸಿಟ್ಟಾಗುವ ಹಕ್ಕು ಎಲ್ಲ ಕನ್ನಡಿಗರಿಗೂ ಇತ್ತು. ಆದರೂ ಆ ಸಿನಿಮಾ ಬರದ ಹಾಗೆ ಮಾಡಿದ್ದು ಸರಿಯಲ್ಲ. ಅದಕ್ಕಿಂತ ಚಿಂತೆಯ ವಿಷಯ ಏನೆಂದರೆ, ಹಾಗೆ ಮಾಡಿದವರು ಬೀದಿಯ ಜನ ಮಾತ್ರ ಅಲ್ಲ.

ಮೊದಲು ಆ ಮಾತಿನ ಬಗ್ಗೆ

ಕನ್ನಡ ತಮಿಳಿನ ಮಗಳಲ್ಲ, ತಂಗಿ ಅಥವಾ ಅಕ್ಕ. ಎರಡೂ ಒಂದೇ ಮೂಲ ದ್ರಾವಿಡದಿಂದ ಕವಲೊಡೆದ ಭಾಷೆಗಳು ಅನ್ನುವುದು ಭಾಷಾವಿಜ್ಞಾನಿಗಳು ಒಪ್ಪಿದ ಮಾತು. ಒಂದು ಸಣ್ಣ ಪುರಾವೆ ಸಾಕು. ನಾವು 'ಕಿವಿ' ಅಂತೀವಿ, ತಮಿಳರು 'ಚೆವಿ' ಅಂತಾರೆ. ಹಳಗನ್ನಡದಲ್ಲಿ 'ಕೆಯ್' (ಗೆಯ್) ಇದ್ದದ್ದು ತಮಿಳಿನಲ್ಲಿ 'ಚೆಯ್'. ಇಂಥ ಕಡೆ ಹಳೆಯ ಕಕಾರವನ್ನು ಉಳಿಸಿಕೊಂಡಿರುವುದು ಕನ್ನಡ, ಬದಲಾಯಿಸಿಕೊಂಡದ್ದು ತಮಿಳು. ತಾಯಿ ಕಳೆದುಕೊಂಡದ್ದು ಮಗಳ ಹತ್ತಿರ ಹೇಗೆ ಬರುತ್ತದೆ? ಅದೇ ರೀತಿ ತಮಿಳು ಉಳಿಸಿಕೊಂಡು ನಾವು ಬಿಟ್ಟದ್ದೂ ಬೇಕಾದಷ್ಟಿವೆ. ಕನ್ನಡದ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು, ತಮಿಳಿನ ಬರಹ ಅದಕ್ಕಿಂತ ಹಳೆಯದು, ಅದೂ ನಿಜ. ಆದರೆ ಮೊದಲು ಬರೆದವರೆಲ್ಲ ಹೆತ್ತವರಾಗುವುದಿಲ್ಲ.

ಇಷ್ಟನ್ನು ಹೇಳೋಕೆ ಒಂದು ಪ್ಯಾರಾ ಸಾಕಾಯ್ತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನೂ ಚಿಕ್ಕದಾಗಿ ಮುಗಿಸಿದ್ದರು. ಕನ್ನಡಕ್ಕೆ ದೊಡ್ಡ ಇತಿಹಾಸ ಇದೆ, ಪಾಪ ಕಮಲ್ ಹಾಸನ್‌ಗೆ ಗೊತ್ತಿಲ್ಲ ಎಂದರು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದಲ್ಲಿ ಬಂದ ಒಳ್ಳೆಯ ಉತ್ತರ ಅದು. ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ನಿಲ್ಲಲಿಲ್ಲ. ಅದಕ್ಕೆ ಕಾಲವೂ ಕಾರಣ. ಸುಮಾರು ಒಂದು ತಿಂಗಳ ಹಿಂದಷ್ಟೇ ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ಗಾಯಕ ಸೋನು ನಿಗಮ್, ಕನ್ನಡ ಹಾಡು ಹಾಡಿ ಎಂದು ಕೂಗಿದ ಹುಡುಗನ ಮಾತನ್ನು ಪಹಲ್ಗಾಮ್ ದಾಳಿಯ ಜೊತೆ ಸೇರಿಸಿ ಮಾತಾಡಿದ್ದರು. ಆ ಗಾಯ ಆರಿರಲಿಲ್ಲ. ಅದರ ಮೇಲೆ ಇದು ಬಂತು.

ಮುಂದಿನ ಹತ್ತು ದಿನ

ಮೇ ಕೊನೆಯ ವಾರ ಪ್ರತಿಭಟನೆ ಶುರುವಾಯಿತು. ಪೋಸ್ಟರ್ ಹರಿದರು, ಕ್ಷಮೆ ಕೇಳಬೇಕು ಅಂದರು. ಕಮಲ್ ಕೇಳಲಿಲ್ಲ. ಪ್ರೀತಿ ಕ್ಷಮೆ ಕೇಳುವುದಿಲ್ಲ ಎಂಬರ್ಥದ ಮಾತಾಡಿದರು. ಭಾಷೆಯ ಬಗ್ಗೆ ಮಾತಾಡೋಕೆ ನನ್ನನ್ನೂ ಸೇರಿಸಿ ಯಾವ ರಾಜಕಾರಣಿಗೂ ಯೋಗ್ಯತೆ ಇಲ್ಲ, ಇತಿಹಾಸಕಾರರಿಗೆ, ಭಾಷಾತಜ್ಞರಿಗೆ ಬಿಡೋಣ ಎಂದೂ ಹೇಳಿದರು. (ಆ ಬುದ್ಧಿ ಮೇ 24ರಂದು ವೇದಿಕೆ ಹತ್ತುವ ಮೊದಲೇ ಬಂದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.)

ಅಷ್ಟರಲ್ಲಿ ಕನ್ನಡ ಮತ್ತು ಸಂಸ್ಕೃತಿ ಸಚಿವ ಶಿವರಾಜ ತಂಗಡಗಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ಪತ್ರ ಬರೆದರು. ಕ್ಷಮೆ ಕೇಳದಿದ್ದರೆ ಕಮಲ್ ಸಿನಿಮಾಗಳನ್ನು ಬಿಡುಗಡೆ ಮಾಡಬೇಡಿ ಅಂತ. ಮೇ 30ಕ್ಕೆ ಮಂಡಳಿ ಕೂಡ ಅದನ್ನೇ ಹೇಳಿತು. ಸಿನಿಮಾ ಜೂನ್ 5ಕ್ಕೆ ಬರಬೇಕಿತ್ತು.

ಈ ಪತ್ರವನ್ನು ಜನ ಅಷ್ಟಾಗಿ ಗಮನಿಸಲಿಲ್ಲ. ಕೇಂದ್ರ ಸೆನ್ಸಾರ್ ಮಂಡಳಿ ಸರ್ಟಿಫಿಕೇಟ್ ಕೊಟ್ಟ ಮೇಲೆ ರಾಜ್ಯ ಸರ್ಕಾರ ಆ ಸಿನಿಮಾ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಒಮ್ಮೆ, 2018ರಲ್ಲಿ ಒಮ್ಮೆ ಸ್ಪಷ್ಟವಾಗಿ ಹೇಳಿದೆ. ಅಂದರೆ ಸರ್ಕಾರ ತಾನೇ ನಿಷೇಧದ ಆದೇಶ ಹೊರಡಿಸಿದ್ದರೆ ಕೋರ್ಟಿನಲ್ಲಿ ಒಂದು ದಿನವೂ ನಿಲ್ಲುತ್ತಿರಲಿಲ್ಲ. ಖಾಸಗಿ ಸಂಘಕ್ಕೆ ಪತ್ರ ಬರೆದರೆ ಆದೇಶವೂ ಇಲ್ಲ, ಪ್ರಶ್ನಿಸೋಕೆ ಕಾಗದವೂ ಇಲ್ಲ, ಕೆಲಸ ಮಾತ್ರ ಆಗುತ್ತದೆ.

ಹೈಕೋರ್ಟಿನಲ್ಲಿ

ಕಮಲ್ ಅವರ ಸಂಸ್ಥೆ ಕರ್ನಾಟಕ ಹೈಕೋರ್ಟಿಗೆ ಹೋಯಿತು. ಬಿಡುಗಡೆ ತಡೆಯಬೇಡಿ, ರಕ್ಷಣೆ ಕೊಡಿಸಿ ಎಂದು ಕೇಳಿತು. ಜೂನ್ 3ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಮುಂದೆ ವಿಚಾರಣೆ ಬಂತು.

ನ್ಯಾಯಮೂರ್ತಿಗಳ ಪ್ರಶ್ನೆಗಳು ಅವತ್ತು ಎಲ್ಲ ಟಿವಿಯಲ್ಲೂ ಓಡಿದವು. ನೀವು ಇತಿಹಾಸಕಾರರೋ, ಭಾಷಾತಜ್ಞರೋ, ಯಾವ ಆಧಾರದ ಮೇಲೆ ಹಾಗೆ ಹೇಳಿದಿರಿ ಎಂದು ಕೇಳಿದರು. ಜಲ, ನೆಲ, ಭಾಷೆ ಜನರಿಗೆ ಮುಖ್ಯ ಎಂದರು. ಮಾತಿನ ಸ್ವಾತಂತ್ರ್ಯವನ್ನು ಜನರ ಭಾವನೆಗೆ ನೋವು ಮಾಡುವಷ್ಟು ಎಳೆಯಲಾಗದು ಎಂದರು. 1950ರಲ್ಲಿ ರಾಜಾಜಿ ಇಂಥದ್ದೇ ಮಾತು ಹೇಳಿ ಕ್ಷಮೆ ಕೇಳಿದ್ದನ್ನು ನೆನಪಿಸಿದರು. ಒಂದು ಕ್ಷಮೆ ಕೇಳಿದ್ದರೆ ಎಲ್ಲ ಮುಗಿಯುತ್ತಿತ್ತು ಎಂದರು. ಕಮಲ್ ಅದೇ ದಿನ ವಾಣಿಜ್ಯ ಮಂಡಳಿಗೆ ಕಳಿಸಿದ ಪತ್ರದಲ್ಲಿ ಕನ್ನಡದ ಮೇಲಿನ ಗೌರವ ಇತ್ತು, ಅಪಾರ್ಥವಾಗಿದೆ ಎಂಬ ವಿವರಣೆ ಇತ್ತು, ಕ್ಷಮೆ ಮಾತ್ರ ಇರಲಿಲ್ಲ. ಎಲ್ಲ ಇದೆ, ಒಂದು ವಾಕ್ಯ ಇಲ್ಲ ಎಂದು ನ್ಯಾಯಮೂರ್ತಿಗಳು ಗಮನಿಸಿದರು. ದುರುದ್ದೇಶ ಇದ್ದಲ್ಲಿ ತಾನೇ ಕ್ಷಮೆ, ಇಲ್ಲಿ ಅದು ಇಲ್ಲವಲ್ಲ ಅನ್ನುವುದು ಕಮಲ್ ಪರ ವಕೀಲರ ವಾದ. ವಿಚಾರಣೆ ಮುಂದೆ ಹೋಯಿತು. ಜೂನ್ 5ಕ್ಕೆ ದೇಶದ ಬೇರೆ ಕಡೆ ಸಿನಿಮಾ ಬಂತು, ಇಲ್ಲಿ ಬರಲಿಲ್ಲ.

ಒಬ್ಬ ಕನ್ನಡಿಗನಾಗಿ ಅವತ್ತಿನ ಕಲಾಪ ಓದುವಾಗ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕೋರ್ಟಿನ ಮುಂದೆ ಇದ್ದ ಪ್ರಶ್ನೆ ಯಾವುದು? ಕಮಲ್ ಹೇಳಿದ್ದು ನಿಜವೋ ಸುಳ್ಳೋ ಅಂತಲ್ಲ. ಥಿಯೇಟರಿಗೆ ರಕ್ಷಣೆ ಕೊಡುವುದು ಪೊಲೀಸರ ಕೆಲಸ ಹೌದೋ ಅಲ್ಲವೋ ಅಂತ. ಆ ಪ್ರಶ್ನೆಗೆ ಕಮಲ್ ಭಾಷಾತಜ್ಞ ಹೌದೋ ಅಲ್ಲವೋ ಅನ್ನುವುದು ಸಂಬಂಧವೇ ಇಲ್ಲ. ಭಾಷೆಯ ಬಗ್ಗೆ ತಜ್ಞರು ಮಾತ್ರ ಮಾತಾಡಬೇಕು ಅಂತಾದರೆ ಚಹದ ಅಂಗಡಿಯಲ್ಲಿ ನಾವೆಲ್ಲ ಬಾಯಿ ಮುಚ್ಚಿಕೊಂಡು ಕೂರಬೇಕಾಗುತ್ತದೆ.

ಇನ್ನು ಕ್ಷಮೆ. ಇಬ್ಬರ ನಡುವೆ ಜಗಳವಾದಾಗ 'ಒಂದು ಸಾರಿ ಅಂದ್ಬಿಡಪ್ಪ, ಮುಗೀಲಿ' ಅನ್ನೋದು ಹಿರಿಯರ ಬುದ್ಧಿಮಾತು, ಅದರಲ್ಲಿ ತಪ್ಪಿಲ್ಲ. ಅದನ್ನೇ ಕೋರ್ಟು ಹೇಳಿದರೆ, ಅದೂ ರಕ್ಷಣೆ ಕೇಳಿಕೊಂಡು ಬಂದವನಿಗೆ ಹೇಳಿದರೆ, ಅದು ಷರತ್ತಿನ ಹಾಗೆ ಕೇಳಿಸುತ್ತದೆ. ಒಲ್ಲದ ಬಾಯಿಂದ ಹೊರಡಿಸಿದ ಕ್ಷಮೆಯಿಂದ ಕನ್ನಡಕ್ಕೆ ಏನು ಸಿಗುತ್ತದೆ ಅನ್ನೋದು ನನಗಂತೂ ಅರ್ಥವಾಗಿಲ್ಲ. 2017ರಲ್ಲಿ ಇದಾಗಿತ್ತು. ಕಾವೇರಿ ವಿಚಾರದಲ್ಲಿ ಸತ್ಯರಾಜ್ ವರ್ಷಗಳ ಹಿಂದೆ ಆಡಿದ ಮಾತಿಗಾಗಿ 'ಬಾಹುಬಲಿ'ಯ ಎರಡನೇ ಭಾಗಕ್ಕೆ ತಡೆ ಬಿತ್ತು. ಬಿಡುಗಡೆಗೆ ಒಂದು ವಾರ ಇರುವಾಗ ಅವರು ವಿಷಾದ ಹೇಳಿದರು, ಸಿನಿಮಾ ಬಂತು. ಮರುವರ್ಷವೇ ರಜನಿಕಾಂತ್ ಸರದಿ, ಅದೇ ಕಾವೇರಿ, ಅದೇ ತಡೆ. ಆ ಸಲ ಹೈಕೋರ್ಟು, ಸಿನಿಮಾ ತೋರಿಸುವ ಥಿಯೇಟರ್‌ಗಳಿಗೆ ರಕ್ಷಣೆ ಕೊಡಿ ಎಂದು ಸರ್ಕಾರಕ್ಕೆ ಹೇಳಿತ್ತು. ಅಂದರೆ ದಾರಿ ನಮ್ಮದೇ ಹೈಕೋರ್ಟಿನಲ್ಲಿ ಮೊದಲೇ ಇತ್ತು.

ಕಾನೂನು ಎಳೆದ ಗೆರೆ

ಸಂವಿಧಾನದ 19(1)(ಎ) ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. 19(2) ಅದಕ್ಕೆ ಮಿತಿ ಹಾಕುತ್ತದೆ. ಆ ಮಿತಿಗಳು ಎಂಟು. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ದೇಶದ ಭದ್ರತೆ, ವಿದೇಶಗಳ ಜೊತೆ ಸ್ನೇಹ, ಸಾರ್ವಜನಿಕ ಶಾಂತಿ, ಸಭ್ಯತೆ ಮತ್ತು ನೈತಿಕತೆ, ನ್ಯಾಯಾಂಗ ನಿಂದನೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ. ಪಟ್ಟಿ ಅಷ್ಟಕ್ಕೇ ಮುಗಿಯಿತು. ಭಾವನೆಗೆ ನೋವು ಅನ್ನುವುದು ಅದರಲ್ಲಿ ಇಲ್ಲ.

ಹಾಗಂತ ಭಾವನೆಯನ್ನು ಕಾನೂನು ಪೂರ್ತಿ ಬಿಟ್ಟಿಲ್ಲ. ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ, ಅಂದರೆ ಹಳೆಯ ಐಪಿಸಿಯ 295ಎ, ಧಾರ್ಮಿಕ ಭಾವನೆಯನ್ನು ಬೇಕಂತಲೇ, ದುರುದ್ದೇಶದಿಂದ ಕೆರಳಿಸಿದರೆ ಶಿಕ್ಷೆ ಕೊಡುತ್ತದೆ. ಅದು ಧರ್ಮಕ್ಕೆ ಮಾತ್ರ. ಭಾಷೆಯ ಹೆಸರು ಬರುವುದು 196ರಲ್ಲಿ, ಹಳೆಯ 153ಎ. ಅಲ್ಲಿ ಕೇಳುವುದು ನೋವಾಯಿತೇ ಎಂದಲ್ಲ, ಗುಂಪುಗಳ ನಡುವೆ ಹಗೆ ಹುಟ್ಟಿಸುವ ಮಾತೇ ಎಂದು. ಉದ್ದೇಶವೂ ಲೆಕ್ಕಕ್ಕೆ ಬರುತ್ತದೆ. ನೀವು ನಮ್ಮ ಕುಟುಂಬ ಎಂದು ಶುರುವಾದ ಮಾತನ್ನು ಹಗೆ ಹುಟ್ಟಿಸುವ ಮಾತು ಎಂದು ಸಾಬೀತು ಮಾಡೋಕೆ ಬಹಳ ಕಷ್ಟಪಡಬೇಕು.

ಉಳಿದದ್ದು ಸಾರ್ವಜನಿಕ ಶಾಂತಿ. ಇದನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. 1991ರ ಡಿಸೆಂಬರ್‌ನಲ್ಲಿ ಕಾವೇರಿ ಗಲಭೆಯಾದಾಗ ಬೆಂಗಳೂರಿನ ತಮಿಳು ಕುಟುಂಬಗಳು ಮನೆ ಬಿಟ್ಟು ಓಡಿದ್ದನ್ನು ಕಂಡವರು ಈಗಲೂ ಇದ್ದಾರೆ. 2016ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡು ನೋಂದಣಿಯ ಹತ್ತಾರು ಬಸ್‌ಗಳು ಒಂದೇ ದಿನ ಸುಟ್ಟುಹೋದವು. ಹಾಗಾಗಿ 'ಗಲಾಟೆ ಆಗುತ್ತೆ' ಅಂತ ಥಿಯೇಟರ್ ಮಾಲೀಕ ಹೇಳಿದರೆ ಅವನು ಹೇಡಿ ಅಲ್ಲ, ಇತಿಹಾಸ ಗೊತ್ತಿರುವವನು.

ಆದರೆ ಆ ಗಲಾಟೆ ಎಲ್ಲಿಂದ ಬರುತ್ತದೆ? ಕಮಲ್ ಯಾರಿಗಾದರೂ ಕಲ್ಲು ಹೊಡೆಯಿರಿ ಅಂದರಾ? ಇಲ್ಲ. ಕಲ್ಲು ಹೊಡೆಯುತ್ತೇವೆ ಅಂದವರು ಬೇರೆ. ಮಾತು ಒಬ್ಬನದು, ಬೆದರಿಕೆ ಇನ್ನೊಬ್ಬನದು, ಸುಮ್ಮನಿರಬೇಕಾದವನು ಮಾತ್ರ ಮೊದಲನೆಯವನು ಅಂದರೆ ಇದು ಯಾವ ನ್ಯಾಯ? ಹಾಗೆ ನೋಡಿದರೆ ಯಾವ ಮಾತನ್ನಾದರೂ ನಿಲ್ಲಿಸಬಹುದು, ಗಟ್ಟಿಯಾಗಿ ಬೆದರಿಸುವ ನಾಲ್ಕು ಜನ ಇದ್ದರೆ ಸಾಕು.

ಇದಕ್ಕೆ ಉತ್ತರ 1989ರಷ್ಟು ಹಿಂದೆಯೇ ಬಂದಿದೆ. ರಂಗರಾಜನ್ ಪ್ರಕರಣ ಅಂತ ಕರೀತಾರೆ. ಮೀಸಲಾತಿಯನ್ನು ಟೀಕಿಸಿದ ಒಂದು ತಮಿಳು ಸಿನಿಮಾದ ಸರ್ಟಿಫಿಕೇಟನ್ನು ಮದ್ರಾಸ್ ಹೈಕೋರ್ಟು ರದ್ದು ಮಾಡಿತ್ತು. ತಮಿಳುನಾಡು ಸರ್ಕಾರವೂ ಗಲಭೆಯಾಗುತ್ತದೆ ಎಂದು ವಾದಿಸಿತ್ತು. ಸುಪ್ರೀಂ ಕೋರ್ಟು ಸರ್ಟಿಫಿಕೇಟ್ ವಾಪಸು ಕೊಡಿಸಿತು. ಮಾತಿಗೂ ಅಪಾಯಕ್ಕೂ ನಂಟು ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ಹತ್ತಿರದ್ದಾಗಿರಬೇಕು, ಎಲ್ಲೋ ದೂರದ ಊಹೆ ಸಾಲದು ಎಂದಿತು. ಪ್ರತಿಭಟನೆ, ಮೆರವಣಿಗೆ, ಹಿಂಸೆಯ ಬೆದರಿಕೆಗಾಗಿ ಅಭಿವ್ಯಕ್ತಿಯನ್ನು ತಡೆದರೆ ಅದು ಕಾನೂನಿನ ಆಡಳಿತವನ್ನೇ ಬಿಟ್ಟುಕೊಟ್ಟು ಬ್ಲ್ಯಾಕ್‌ಮೇಲ್‌ಗೆ ಶರಣಾದ ಹಾಗೆ ಎಂದಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ, ನಮ್ಮ ಕರಾವಳಿಯವರು. ತಮಿಳು ಸಿನಿಮಾವೊಂದನ್ನು ತಮಿಳುನಾಡಿನಲ್ಲೇ ಉಳಿಸಿದ್ದು ಒಬ್ಬ ಕನ್ನಡಿಗ. ಕನ್ನಡದ ಹೆಮ್ಮೆ ಎಂದು ಹೇಳಿಕೊಳ್ಳೋಕೆ ಇಂಥದ್ದೂ ಇದೆ.

ಇದು ಕನ್ನಡಿಗರದ್ದೇ ರೋಗ ಅಂತ ಚೆನ್ನೈ ಕಡೆಯವರು ಬೀಗುವ ಹಾಗೂ ಇಲ್ಲ. 2013ರಲ್ಲಿ ಇದೇ ಕಮಲ್ ಅವರ 'ವಿಶ್ವರೂಪಂ' ಸಿನಿಮಾವನ್ನು ಮುಸ್ಲಿಂ ಸಂಘಟನೆಗಳ ವಿರೋಧದ ಕಾರಣಕ್ಕೆ ತಡೆದದ್ದು ತಮಿಳುನಾಡು ಸರ್ಕಾರವೇ. ಕೆಲವು ದೃಶ್ಯಗಳಿಗೆ ಕತ್ತರಿ, ಕೆಲವೆಡೆ ಮಾತು ಮ್ಯೂಟ್ ಮಾಡಲು ಒಪ್ಪಿದ ಮೇಲೆ ಬಂತು.

ಬಹಿಷ್ಕಾರ ಬೇರೆ, ಬಾಗಿಲು ಮುಚ್ಚಿಸೋದು ಬೇರೆ

ಇಲ್ಲಿ ಒಂದು ವಾದ ಬರುತ್ತದೆ, ಅದಕ್ಕೆ ತೂಕ ಇದೆ. ಕಮಲ್‌ಗೆ ಮಾತಾಡುವ ಹಕ್ಕಿದ್ದರೆ ನಮಗೆ ಅವರ ಸಿನಿಮಾ ನೋಡದಿರುವ ಹಕ್ಕಿಲ್ಲವಾ? ಖಂಡಿತ ಇದೆ. ನಾನು ನೋಡಲ್ಲ ಎನ್ನಬಹುದು. ನೀವೂ ನೋಡಬೇಡಿ ಎಂದು ಥಿಯೇಟರ್ ಮುಂದೆ ಫಲಕ ಹಿಡಿದು ನಿಲ್ಲಬಹುದು. ವಿತರಕ ತನಗೆ ಇಷ್ಟವಿಲ್ಲ ಎಂದು ಕೈಬಿಡಬಹುದು. ಇವೆಲ್ಲ ಮಾತೇ, ಮಾತಿಗೆ ಮಾತು. ಬೈದರೂ ಪರವಾಗಿಲ್ಲ.

ನೋಡಬೇಕು ಅನ್ನುವವನ ದಾರಿಗೆ ಅಡ್ಡ ನಿಂತಾಗ ವಿಷಯ ಬದಲಾಗುತ್ತದೆ. ಬೆಂಗಳೂರಿನಲ್ಲಿ ತಮಿಳು ಮಾತಾಡುವವರು ಲಕ್ಷಗಟ್ಟಲೆ ಇದ್ದಾರೆ, ತಮಿಳು ಸಿನಿಮಾ ಇಷ್ಟಪಡುವ ಕನ್ನಡಿಗರೂ ಇದ್ದಾರೆ. ಅವರ ಪರವಾಗಿ ತೀರ್ಮಾನ ಮಾಡಿದವರು ಯಾರು? ವಾಣಿಜ್ಯ ಮಂಡಳಿ ಒಂದು ಖಾಸಗಿ ಸಂಘ. ಅದರ ಮಾತು ಮೀರಿದರೆ ಸಿನಿಮಾ ವ್ಯಾಪಾರ ಮಾಡೋದು ಕಷ್ಟ ಅನ್ನೋದು ಗಾಂಧಿನಗರದಲ್ಲಿ ಎಲ್ಲರಿಗೂ ಗೊತ್ತು. ಡಬ್ಬಿಂಗ್ ಸಿನಿಮಾಗಳನ್ನು ಹೀಗೇ ತಡೆದದ್ದಕ್ಕೆ ಇದೇ ಮಂಡಳಿಗೆ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ದಂಡ ಹಾಕಿತ್ತು. ಆ ದೂರು ಕೊಟ್ಟವರೂ ಕನ್ನಡ ಗ್ರಾಹಕರೇ, ಕನ್ನಡದಲ್ಲೇ ಎಲ್ಲ ಸಿನಿಮಾ ಬೇಕು ಅನ್ನುವವರು. ಹಾಗಾಗಿ ಮಂಡಳಿ ತಡೆದದ್ದೆಲ್ಲ ಕನ್ನಡಕ್ಕಾಗಿ ಎಂದು ನಂಬಬೇಕಾಗಿಲ್ಲ.

ದೆಹಲಿಯಲ್ಲಿ

ಬೆಂಗಳೂರಿನ ಒಬ್ಬರು ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಸಿನಿಮಾ ನೋಡುವವರ ಕಡೆಯಿಂದ ಬಂದ ಅರ್ಜಿ ಅನ್ನೋದು ಮುಖ್ಯ. ಜೂನ್ 13ಕ್ಕೆ ನೋಟಿಸ್ ಆಯಿತು. ಜೂನ್ 17ರಂದು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಮತ್ತು ನ್ಯಾಯಮೂರ್ತಿ ಮನಮೋಹನ್ ಅವರ ಪೀಠ ಖಾರವಾಗಿಯೇ ಮಾತಾಡಿತು. ಗುಂಪುಗಳು ಬೀದಿಯನ್ನು ವಶಕ್ಕೆ ತೆಗೆದುಕೊಳ್ಳಲು ಬಿಡಲಾಗದು, ಸರ್ಟಿಫಿಕೇಟ್ ಸಿಕ್ಕ ಸಿನಿಮಾ ಬಿಡುಗಡೆಯಾಗಲೇಬೇಕು, ಕ್ಷಮೆ ಕೇಳಿ ಅನ್ನುವುದು ಹೈಕೋರ್ಟಿನ ಕೆಲಸ ಅಲ್ಲ ಎಂದಿತು. ಅವರು ಹೇಳಿದ್ದು ತಪ್ಪಾಗಿದ್ದರೆ ಕರ್ನಾಟಕದ ತಿಳಿದವರು ತಪ್ಪು ಎಂದು ಹೇಳಲಿ, ಚರ್ಚೆ ಮಾಡಲಿ ಎಂದಿತು.

ಜೂನ್ 19ರಂದು ರಾಜ್ಯ ಸರ್ಕಾರ, ಸಿನಿಮಾ ಬಂದರೆ ರಕ್ಷಣೆ ಕೊಡುತ್ತೇವೆ ಎಂದು ಹೇಳಿದ್ದನ್ನು ದಾಖಲಿಸಿಕೊಂಡು ಕೋರ್ಟು ಪ್ರಕರಣ ಮುಗಿಸಿತು. ಮಾರ್ಗಸೂಚಿ ಕೊಡಿ, ದಂಡ ಹಾಕಿ ಎಂಬ ಬೇಡಿಕೆಗೆ ಒಪ್ಪಲಿಲ್ಲ.

ಅದಾದ ಮೇಲೆ ಜುಲೈ ಮೊದಲ ವಾರ ಇನ್ನೊಂದು ಬೆಳವಣಿಗೆ. ಕನ್ನಡ ಸಾಹಿತ್ಯ ಪರಿಷತ್ತು ಹಾಕಿದ ದಾವೆಯಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟು, ಕನ್ನಡಕ್ಕಿಂತ ತಮ್ಮ ಭಾಷೆ ಮೇಲು ಎನ್ನುವಂಥ ಹೇಳಿಕೆ ಕೊಡಬಾರದು ಎಂದು ಕಮಲ್ ಮೇಲೆ ತಾತ್ಕಾಲಿಕ ತಡೆಯಾಜ್ಞೆ ಹೊರಡಿಸಿತು. ಆಡಿದ ಮಾತಿಗೆ ಶಿಕ್ಷೆ ಕೊಡೋದು ಒಂದು, ಇನ್ನೂ ಆಡದ ಮಾತನ್ನು ಮೊದಲೇ ಕಟ್ಟಿಹಾಕೋದು ಇನ್ನೊಂದು. ಎರಡನೆಯದು ನನಗೆ ಹೆಚ್ಚು ಅಪಾಯದ್ದಾಗಿ ಕಾಣುತ್ತದೆ. 1915ರಿಂದ ಇರುವ ಪರಿಷತ್ತು, ಶಾಸನ ಬಲ್ಲವರು, ವ್ಯಾಕರಣ ಬಲ್ಲವರು ಕೈಗೆಟಕುವ ಸಂಸ್ಥೆ, ಒಬ್ಬ ನಟನ ಒಂದು ಸಾಲಿಗೆ ಉತ್ತರ ಕೊಡಲು ವಕೀಲರನ್ನು ಹಿಡಿದದ್ದು ಬೇಜಾರಿನ ವಿಷಯ.

ಹಾಗಾದರೆ ಗೆರೆ ಎಲ್ಲಿ?

ಇದೇ ಪ್ರಕರಣವನ್ನು ಸ್ವಲ್ಪ ಸ್ವಲ್ಪ ಬದಲಾಯಿಸಿ ನೋಡೋಣ. ಕಮಲ್ ಅವತ್ತು 'ಕನ್ನಡಕ್ಕೆ ಸ್ವಂತದ್ದು ಏನೂ ಇಲ್ಲ' ಅಂದಿದ್ದರೆ? ಇನ್ನೂ ಕೆಟ್ಟ ಮಾತು, ಇನ್ನೂ ದೊಡ್ಡ ಸುಳ್ಳು, ಆದರೂ ಉತ್ತರ ಕೊಡಬೇಕಾದ ಮಾತೇ ಹೊರತು ತಡೆಯಬೇಕಾದದ್ದಲ್ಲ. ಸೋನು ನಿಗಮ್ ಆಡಿದ್ದು ಇದಕ್ಕಿಂತ ಗೆರೆಗೆ ಹತ್ತಿರ, ಯಾಕೆಂದರೆ ಹಾಡು ಕೇಳಿದ ಹುಡುಗನನ್ನು ಕೊಲೆಗಡುಕರ ಜೊತೆ ಒಂದೇ ಉಸಿರಿನಲ್ಲಿ ಸೇರಿಸಿದ ಮಾತು ಅದು. ಆದರೂ ಯಾರಿಗೂ ಏನೂ ಮಾಡಿ ಎಂದು ಅವರು ಹೇಳಲಿಲ್ಲ, ಆಮೇಲೆ ಕ್ಷಮೆಯನ್ನೂ ಕೇಳಿದರು. ನಾನಾದರೆ ಕೇಸು ಹಾಕುತ್ತಿರಲಿಲ್ಲ. ಇನ್ನೊಂದು ಊಹೆ. ಕಾವೇರಿ ಗಲಾಟೆ ಉರಿಯುತ್ತಿರುವ ದಿನ, ಗಡಿಯ ಊರಿನಲ್ಲಿ, ಕೋಲು ಹಿಡಿದು ನಿಂತ ಗುಂಪಿನ ಮುಂದೆ ಒಬ್ಬ ಮುಖಂಡ 'ಇವರಿಗೆ ಬುದ್ಧಿ ಕಲಿಸಿ' ಅನ್ನುತ್ತಾನೆ. ಕನ್ನಡವನ್ನು ಬೈಯುವ ಒಂದು ಪದವೂ ಅದರಲ್ಲಿ ಇಲ್ಲ, ಯಾರ ಇತಿಹಾಸವನ್ನೂ ಅವನು ಅಲ್ಲಗಳೆದಿಲ್ಲ, ಆದರೂ ಅವನನ್ನು ಅವತ್ತೇ ಹಿಡಿಯಬೇಕು. ಕೇಳಿದವರು ಎಷ್ಟು ನೊಂದರು ಅನ್ನುವುದಕ್ಕಿಂತ ಕೇಳಿದವರನ್ನು ಏನು ಮಾಡಿಸೋಕೆ ಹೊರಟ ಮಾತು, ಅದು ಆಗೋಕೆ ಎಷ್ಟು ಹತ್ತಿರ ಇತ್ತು ಅನ್ನುವುದನ್ನು ನೋಡಬೇಕು. ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಲ್ ತೀರ್ಪು ಕೂಡ ಚರ್ಚೆ ಮಾಡುವುದು, ಒಂದು ವಿಚಾರವನ್ನು ಎತ್ತಿಹಿಡಿಯುವುದು, ಪ್ರಚೋದಿಸುವುದು ಎಂದು ಮೂರನ್ನು ಬಿಡಿಸಿ ಮೂರನೆಯದಕ್ಕೆ ಮಾತ್ರ ಕಡಿವಾಣ ಎಂದದ್ದು ಇದನ್ನೇ.

ಈ ಅಳತೆಯಲ್ಲಿ ಇಟ್ಟರೆ ಇಡೀ ಪ್ರಕರಣದಲ್ಲಿ ಗೆರೆ ದಾಟಿದ ಮಾತು ಒಂದು ಇತ್ತು. ಥಿಯೇಟರಿಗೆ ಬೆಂಕಿ ಹಚ್ಚುವ ಬೆದರಿಕೆ ಬಂದಿದೆ ಎಂದು ಸುಪ್ರೀಂ ಕೋರ್ಟಿನ ಮುಂದೆ ಹೇಳಲಾಯಿತಲ್ಲ, ಅಂಥದ್ದು. ತಿಂಗಳಿಡೀ ಚರ್ಚೆ ನಡೆದದ್ದು ಮಾತ್ರ ಕಮಲ್ ಕ್ಷಮೆಯ ಬಗ್ಗೆ.

ಕೊನೆಗೆ ಆದದ್ದು ಇಷ್ಟು. ಸುಪ್ರೀಂ ಕೋರ್ಟಿನಲ್ಲಿ ಗೆದ್ದರೂ ಸಿನಿಮಾ ಇಲ್ಲಿನ ಥಿಯೇಟರಿಗೆ ಬರಲಿಲ್ಲ. ಅಷ್ಟರಲ್ಲಿ ಅದು ಬೇರೆ ಕಡೆ ಸೋತಿತ್ತು, ಎರಡು ವಾರ ಹಳೆಯದಾಗಿತ್ತು, ಇನ್ನು ದುಡ್ಡು ಹಾಕಿ ತರುವವರು ಯಾರು? ತಡೆದವರಿಗೆ ಬೇಕಾದದ್ದು ಸಿಕ್ಕಿತು. ಜೂನ್ 19ಕ್ಕೆ ದೆಹಲಿಯಲ್ಲಿ ಹೇಳಿದ ರಕ್ಷಣೆಯ ಮಾತನ್ನು ಸರ್ಕಾರ ಮೇ 30ಕ್ಕೇ ಬೆಂಗಳೂರಿನಲ್ಲಿ ಹೇಳಬಹುದಿತ್ತು, ಸಚಿವರು ಆ ಪತ್ರ ಬರೆಯುವ ಬದಲು. ಹೇಳಿದ್ದರೆ ಜೂನ್ 5ರ ಗುರುವಾರ ಸಿನಿಮಾ ಬರುತ್ತಿತ್ತು, ಹೊರಗೆ ಒಂದಿಷ್ಟು ಘೋಷಣೆ ಇರುತ್ತಿತ್ತು, ಒಳಗೆ ಹೋದವರು ಚೆನ್ನಾಗಿಲ್ಲ ಅಂತ ಬೈದುಕೊಂಡು ಬರುತ್ತಿದ್ದರು, ಭಾನುವಾರದ ಹೊತ್ತಿಗೆ ಅರ್ಧ ಥಿಯೇಟರುಗಳಿಂದ ಎತ್ತಂಗಡಿಯೂ ಆಗಿರುತ್ತಿತ್ತು.